ಸ್ಲ್ಯಾಬಿನ ಒಳಗಿನ ಪೈಪು

ಟೊಕ್, ಟೊಕ್, ಟೊಕ್, ಬೊದ್.

ಆ ಕೊನೆಯ ‘ಬೊದ್’ ಎಲ್ಲಿ ಕೇಳಿಸಿತೋ ಅದರ ಕೆಳಗೆ ನಿಲ್ಲಬಾರದು. ನಮ್ಮ ಬ್ಲಾಕಿನಲ್ಲಿ ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳುವ ಹೊತ್ತಿಗೆಲ್ಲ ಈ ಶಬ್ದ ಶುರುವಾಗಿರುತ್ತಿತ್ತು. ಜೇಡರ ಬಲೆ ತೆಗೆಯುವ ಕೋಲನ್ನು ತಿರುಗಿಸಿ ಹಿಡಿದು, ಅದರ ಬುಡದಿಂದ ಅಡುಗೆಮನೆಯ ಸೀಲಿಂಗನ್ನು ಗೇಣು ಗೇಣಾಗಿ ತಟ್ಟುತ್ತ ಹೋಗುವುದು. ಗಾರೆ ಗಟ್ಟಿಯಾಗಿದ್ದರೆ ಟೊಕ್. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ ಗಾರೆ ಸಡಿಲವಾಗಿದ್ದರೆ ಬೊದ್. ಬೊದ್ ಎಂದ ಕಡೆ ಕೋಲಿನಿಂದಲೇ ಕೆರೆದು ಬೀಳಿಸಿ, ಗುಡಿಸಿ, ಆಮೇಲೆ ಸ್ಟವ್ ಹಚ್ಚುವುದು. ನನ್ನ ಮನೆಯಲ್ಲಿ ಒಂದು ಕೋಲು, ಎದುರು ಮನೆಯಲ್ಲಿ ಒಂದು, ಕೆಳಗೆ ಎರಡು. ನಮ್ಮಲ್ಲಿಗೆ ಬಂದ ನೆಂಟರೊಬ್ಬರು ಇದೇನು, ಯಾವುದಾದರೂ ವ್ರತವೋ ಎಂದು ಕೇಳಿದ್ದರು. ವ್ರತವೇ. ಸರ್ಕಾರವನ್ನು ಲ್ಯಾಂಡ್‌ಲಾರ್ಡ್ ಆಗಿ ಪಡೆದವರು ದಿನಾ ಬೆಳಿಗ್ಗೆ ಮಾಡಬೇಕಾದ ವ್ರತ.

ನಾನಿರುವುದು ಅಣ್ಣಾ ನಗರದ ಅಂಚಿನ ಸರ್ಕಾರಿ ಬಾಡಿಗೆ ಫ್ಲಾಟುಗಳಲ್ಲಿ, ಮೊದಲನೇ ಮಹಡಿ. ಪುರಸೈವಾಕ್ಕಂನ ಒಂದು ಉಡುಪಿ ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ನನ್ನ ಯಜಮಾನರಿಗೆ ಸಾರ್ವಜನಿಕರ ಕೋಟಾದಲ್ಲಿ ಈ ಮನೆ ಸಿಕ್ಕಿತು. ಸಿಕ್ಕಿದ ದಿನ ನಾವಿಬ್ಬರೂ ಅರಮನೆಗೆ ಬಂದ ಹಾಗೆ ಬಂದೆವು. ಅವರು ಹೋದ ಮೇಲೆ ಅಲಾಟ್‌ಮೆಂಟ್ ನನ್ನ ಹೆಸರಿಗಾಯಿತು. ಆ ಮೊದಲ ದಿನ ಬೀಗದ ಕೈಯ ಜೊತೆ ನಮಗೊಂದು ಟೈಪ್ ಮಾಡಿದ ಕಾಗದ ಕೊಟ್ಟಿದ್ದರು. ಅದು ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ನಲ್ಲಿಯ ವಾಷರ್, ಬಲ್ಬು, ಕಿಟಕಿಯ ಗಾಜು, ಬಾಗಿಲ ಚಿಲಕ, ಒಳಗಿನ ಸುಣ್ಣ, ಮನೆಯೊಳಗಿನ ಫಿಟ್ಟಿಂಗ್ಸ್, ಇವೆಲ್ಲ ಬಾಡಿಗೆದಾರರ ಜವಾಬ್ದಾರಿ. ಗೋಡೆ, ಸ್ಲ್ಯಾಬು, ಮೆಟ್ಟಿಲು, ಮೇಲಿನ ಟ್ಯಾಂಕು, ಹೊರಗಿನ ಪೈಪು, ಇವು ಇಲಾಖೆಯ ಜವಾಬ್ದಾರಿ. ಕೆಳಗೆ ಒಂದು ಸಾಲು: ಅನುಮತಿಯಿಲ್ಲದೆ ಬಾಡಿಗೆದಾರರು ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ.

ಎಷ್ಟು ನ್ಯಾಯವಾಗಿದೆ ಎಂದುಕೊಂಡಿದ್ದೆ! ಕಾನ್ವೆಂಟಿನಲ್ಲಿ ಓದಿದವಳಿಗೆ ಈ ತರಹದ ಪಟ್ಟಿಗಳ ಮೇಲೆ ಒಂದು ಮೋಹ. ನಿನ್ನ ಡ್ಯೂಟಿ ಇದು, ನನ್ನ ಡ್ಯೂಟಿ ಇದು, ನಡುವೆ ಒಂದು ನೀಟಾದ ಗೆರೆ.

ಆ ಗೆರೆಯ ಈಚೆ ಇದ್ದದ್ದನ್ನೆಲ್ಲ ನಾವು ಮಾಡಿದೆವು. ಆಚೆ ಇದ್ದದ್ದನ್ನೂ ನಾವೇ ಮಾಡಿದೆವು. ಮೆಟ್ಟಿಲಿನ ರೇಲಿಂಗ್ ಮುರಿದಾಗ ಎದುರು ಮನೆಯವರು ವೆಲ್ಡರ್ ಕರೆತಂದರು. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋದಾಗ ನಮ್ಮ ಹಳೆಯ ಕೇರಂ ಬೋರ್ಡ್ ಮುಚ್ಚಳವಾಯಿತು. ಹೀಗೆ ಮಾಡುತ್ತ ಮಾಡುತ್ತ ಜನ ತಮಗೆ ಬೇಕಾದ ಬದಲಾವಣೆಗಳನ್ನೂ ಮಾಡಿಕೊಂಡರು. ಒಬ್ಬರು ಬಾಲ್ಕನಿಗೆ ಗ್ರಿಲ್ ಹಾಕಿದರು. ಒಬ್ಬರು ಅಡುಗೆ ಕಟ್ಟೆ ಎತ್ತರಿಸಿದರು. ಇನ್ನೊಬ್ಬರು ಗೋಡೆ ಒಡೆದು ಕಪಾಟು ಕೂರಿಸಿದರು. ಇದಕ್ಕೊಂದು ಪದ್ಧತಿಯೂ ಬೆಳೆಯಿತು. ಆಫೀಸಿನವರು ಬರುತ್ತಾರೆಂದು ತಿಳಿದ ದಿನ ಗ್ರಿಲ್ ಮೇಲೆ ಇಡೀ ಮನೆಯ ಬೆಡ್‌ಶೀಟ್‌ಗಳು ಒಣಗುತ್ತಿದ್ದವು, ಕಪಾಟಿನ ಮುಂದೆ ಮಂಚ ನಿಲ್ಲುತ್ತಿತ್ತು. ಬಂದ ಇಂಜಿನಿಯರ್ ಬೆಡ್‌ಶೀಟನ್ನು ನೋಡುತ್ತಿದ್ದರು, ಅದರ ಹಿಂದಿನದನ್ನು ನೋಡುತ್ತಿರಲಿಲ್ಲ. ಅವರು ಮಾಡಬೇಕಾದ್ದನ್ನು ಮಾಡದಿರುವುದು, ನಾವು ಮಾಡಬಾರದ್ದನ್ನು ಮಾಡುವುದು, ಇಬ್ಬರೂ ಕಾಗದದ ಮೇಲೆ ಒಂದಕ್ಷರ ಹಾಕದಿರುವುದು. ಈ ಮೂರರ ಮೇಲೆ ನಮ್ಮ ಬ್ಲಾಕು ಇಷ್ಟು ವರ್ಷ ನಿಂತಿತ್ತು, ಸಿಮೆಂಟಿನ ಮೇಲಲ್ಲ.

ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಕೆಲಸವನ್ನು ಈಗ ಬರೆಯಬೇಕು.

ನನ್ನ ಮನೆಯ ಸರಿ ಮೇಲೆ, ಎರಡನೇ ಮಹಡಿಯಲ್ಲಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು ಒಬ್ಬರೇ ಇದ್ದರು. ತಮಿಳಿನವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಸರ್ಕಾರಿ ಮುದ್ರಣಾಲಯದಲ್ಲಿ ಬೈಂಡರ್ ಆಗಿ ರಿಟೈರ್ ಆದವರು. ಜೀವನವಿಡೀ ಅವರು ರಿಜಿಸ್ಟರ್‌ಗಳನ್ನೂ ನಿಯಮಾವಳಿಗಳನ್ನೂ ಸೂಜಿ ದಾರದಿಂದ ಹೊಲಿದಿದ್ದರು. “ಈ ಗವರ್ನಮೆಂಟಿನ ರೂಲ್ಸ್ ಎಲ್ಲಾ ನಾನೇ ಹೊಲಿದದ್ದು ಕಣೇ. ಓದಿದ್ದು ಮಾತ್ರ ಇಲ್ಲ” ಎನ್ನುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ತಮಿಳಿನಲ್ಲೇ. ನನ್ನ ತಮಿಳಿನಲ್ಲಿ ಕನ್ನಡ ಇಣುಕಿದರೆ ಅವರಿಗೆ ನಗು, ಇಂಗ್ಲಿಷ್ ಇಣುಕಿದರೆ ಇನ್ನೂ ನಗು. ನನ್ನನ್ನು ಅವರು ಕರೆಯುತ್ತಿದ್ದದ್ದೇ ‘ಇಂಗ್ಲಿಷ್‌ಕಾರಿ’ ಎಂದು. ಬಾಲ್ಕನಿಯಿಂದ ಕೆಳಗೆ ಬಾಗಿ, “ಇಂಗ್ಲಿಷ್‌ಕಾರೀ, ನಿನ್ನ ಒಗ್ಗರಣೆ ಸೀದಿತು ನೋಡು!” ಎಂದು ಕೂಗಿದರೆ ರಸ್ತೆಯಲ್ಲಿ ಹೋಗುವವರೂ ತಲೆಯೆತ್ತುತ್ತಿದ್ದರು.

ಒಂದು ದಿನ ಅಕ್ಕ ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಇನ್ನು ಕುಕ್ಕರಗಾಲಲ್ಲಿ ಕೂರಲೇಬಾರದು ಎಂದರು ಡಾಕ್ಟರು. ಮನೆಯಲ್ಲಿದ್ದದ್ದು ಕಟ್ಟಿದಾಗಿನ ಇಂಡಿಯನ್ ಟಾಯ್ಲೆಟ್. ಅದನ್ನು ಬದಲಾಯಿಸಿಕೊಡಿ ಎಂದು ಆಸ್ಪತ್ರೆಯ ಚೀಟಿ ಲಗತ್ತಿಸಿ ಆಫೀಸಿಗೆ ಅರ್ಜಿ ಕೊಟ್ಟದ್ದಾಯಿತು. ಒಂದಲ್ಲ, ಮೂರು ಸಲ. ಯಾರೂ ಬರಲಿಲ್ಲ. ಕೊನೆಗೆ ಶೋಳಿಂಗನಲ್ಲೂರಿನಲ್ಲಿದ್ದ ಅವರ ತಂಗಿಯ ಮಗಳು ಒಂದು ಭಾನುವಾರ ಗಾರೆಯವನನ್ನು ಕರೆತಂದು ವೆಸ್ಟರ್ನ್ ಕಮೋಡ್ ಕೂರಿಸಿದಳು, ಜಾರದ ಹಾಗೆ ಒರಟು ಟೈಲ್ಸ್ ಹಾಕಿಸಿದಳು, ಹಿಡಿದುಕೊಳ್ಳಲು ಗೋಡೆಗೆ ಒಂದು ಸ್ಟೀಲ್ ರಾಡ್. ಅಕ್ಕ ಮತ್ತೆ ತಮ್ಮ ಮನೆಯಲ್ಲಿ ತಾವೇ ಓಡಾಡುವಂತಾದರು. “ರಾಣಿ ಸಿಂಹಾಸನ ಹಾಕಿಸಿಕೊಂಡಿದ್ದೇನೆ, ಬಾ ನೋಡು” ಎಂದು ನನ್ನನ್ನು ಕರೆದು ತೋರಿಸಿದರು. ಟಾಯ್ಲೆಟ್ಟಿನ ಗೃಹಪ್ರವೇಶಕ್ಕೆ ಹೋದವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು. ಕಾಫಿಯನ್ನೂ ಕೊಟ್ಟರು.

ಅದಾದ ಎರಡು ಮಳೆಗಾಲಗಳ ನಂತರ ನನ್ನ ಅಡುಗೆಮನೆಯ ಮೂಲೆ ತೊಟ್ಟಿಕ್ಕತೊಡಗಿತು. ಈ ಫ್ಲಾಟುಗಳಲ್ಲಿ ಬಚ್ಚಲು ಮತ್ತು ಅಡುಗೆಮನೆ ಒಂದೇ ಗೋಡೆಯ ಆಚೆ ಈಚೆ. ಮೇಲಿನ ಬಚ್ಚಲಿನ ನೀರು ಸ್ಲ್ಯಾಬಿನೊಳಗೆ ನುಸುಳಿ ನನ್ನ ಸ್ಟವ್ ಮೇಲೆ ಬಂದು ಇಳಿಯುತ್ತಿತ್ತು. ಹಾಗಂತ ನೀರು ಎಲ್ಲಿಂದ ಬಂತೆಂದು ಊಹಿಸಿ ಯಾರ ಮೇಲೂ ತಪ್ಪು ಹೊರಿಸುವ ಜಾತಿಯವಳಲ್ಲ ನಾನು. ನಂಬಿಕೆಯ ಪ್ಲಂಬರ್ ಒಬ್ಬರನ್ನು ಕರೆಸಿದೆ. ನರೆತ ಮೀಸೆಯವರು, ಈ ಬ್ಲಾಕುಗಳ ಪೈಪುಗಳನ್ನೆಲ್ಲ ಬಲ್ಲವರು. ಅಕ್ಕನ ಬಚ್ಚಲನ್ನೂ ನನ್ನ ಸೀಲಿಂಗನ್ನೂ ನೋಡಿ, “ಹೊಸ ಕೆಲಸದಲ್ಲಿ ಏನೂ ಲೀಕ್ ಇಲ್ಲಮ್ಮಾ. ಹಳೇ ಕಬ್ಬಿಣದ ಪೈಪು ಸ್ಲ್ಯಾಬಿನ ಒಳಗೆ ಜಾಯಿಂಟ್ ಹತ್ತಿರ ಕೊಳೆತಿದೆ. ಬಿಲ್ಡಿಂಗ್ ಕಟ್ಟಿದವರು ಹಾಕಿದ್ದು. ಸ್ಲ್ಯಾಬ್ ಒಡೀದೆ ಆಗೋದಿಲ್ಲ. ಸ್ಲ್ಯಾಬ್‌ಗೆ ನಾನು ಕೈ ಹಚ್ಚೋದಿಲ್ಲ, ಅದು ಗವರ್ನಮೆಂಟ್‌ದು” ಎಂದರು.

ನಾನು ಆಫೀಸಿನ ಕಂಪ್ಲೇಂಟ್ ರಿಜಿಸ್ಟರ್‌ನಲ್ಲಿ ಬರೆದು ಬಂದೆ. ನಾಲ್ಕು ವಾರ ಬಿಟ್ಟು ಮತ್ತೆ ಬರೆದೆ. ಒಂದು ದಿನ ಮುಷ್ಟಿ ಗಾತ್ರದ ಗಾರೆ ಕುದಿಯುವ ಸಾರಿನ ಪಾತ್ರೆಗೇ ಬಿತ್ತು. ನಾನು ಉಪ್ಪಿನ ಡಬ್ಬಿ ತೆಗೆಯಲು ಎರಡು ಹೆಜ್ಜೆ ಆಚೆ ಹೋಗಿದ್ದರಿಂದ ಇದನ್ನು ಬರೆಯಲು ಉಳಿದಿದ್ದೇನೆ. ಮೂರನೇ ಸಲ ರಿಜಿಸ್ಟರ್‌ನಲ್ಲಿ ಬರೆಯುವಾಗ ಆ ಗಾರೆಯ ತುಂಡನ್ನೂ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಆಮೇಲೆ ಇಂಜಿನಿಯರ್ ಬಂದರು. ನನ್ನ ಮೊಮ್ಮಗನಾಗುವ ವಯಸ್ಸು, ಮರ್ಯಾದಸ್ಥ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ತಲೆಯೆತ್ತಿ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

“ಮೇಲಿನವರ ನೆಲ ಅವರದ್ದು ಮೇಡಂ. ನಿಮ್ಮ ಸೀಲಿಂಗಿನ ಸುಣ್ಣ ನಿಮ್ಮದು.”

“ನಡುವೆ ಇರೋದು?”

“ನಡುವೆ ಸ್ಲ್ಯಾಬ್. ಅದು ನಮ್ಮದೇ.”

“ಸಂತೋಷ. ಕೊಳೆತ ಪೈಪ್ ಆ ಸ್ಲ್ಯಾಬಿನ ಒಳಗೇ ಇದೆ.”

“ಪೈಪ್ ಅಂದ್ರೆ ಫಿಟ್ಟಿಂಗ್ ಮೇಡಂ. ಮನೆಯೊಳಗಿನ ಫಿಟ್ಟಿಂಗ್ಸ್ ಟೆನೆಂಟ್‌ದು.”

“ಯಾವ ಟೆನೆಂಟ್? ನಾನಾ, ಅವರಾ? ಸ್ಲ್ಯಾಬಿನ ಒಳಗೆ ನಾವಿಬ್ಬರೂ ವಾಸ ಇಲ್ಲವಲ್ಲ.”

ಅವರು ನಕ್ಕರು. “ನೀವಿಬ್ಬರೂ ಹೇಗೂ ಫ್ರೆಂಡ್ಸ್. ಮಾತಾಡಿ ಸೆಟಲ್ ಮಾಡಿಕೊಳ್ಳಿ ಮೇಡಂ.”

ಹೀಗೆ ನೆಲದ ಮೇಲಿನದಕ್ಕೆ ಒಬ್ಬ ಯಜಮಾನ, ನೆಲದ ಕೆಳಗಿನದಕ್ಕೆ ಒಬ್ಬ ಯಜಮಾನ, ನಡುವಿನ ಆರು ಇಂಚು ಅನಾಥ. ಆ ಆರು ಇಂಚಿನಲ್ಲೇ ನೀರು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಒಬ್ಬ ಖಾಸಗಿ ಮನೆ ಮಾಲೀಕ ಹೀಗೆ ಹೇಳಿದ್ದರೆ ಬೀದಿಯಲ್ಲಿ ನಿಂತು ಬೈಯಬಹುದಿತ್ತು. ಸರ್ಕಾರವನ್ನು ಯಾವ ಬೀದಿಯಲ್ಲಿ ನಿಂತು ಬೈಯುವುದು? ಎಲ್ಲ ಬೀದಿಯೂ ಅವರದ್ದೇ.

ಆಗ ನಾನು ಲೆಟರ್ ಬರೆಯಲು ಕೂತೆ.

ಲೆಟರ್ ರೈಟಿಂಗ್ ಎಂದರೆ ನನಗೆ ಏನು ಎಂಬುದನ್ನು ಹೇಳಬೇಕು. ನನ್ನ ತಂದೆ ಹೋಟೆಲಿನ ಮ್ಯಾನೇಜರ್. ಇಂಗ್ಲಿಷ್ ಬಾರದೆ ಆಫೀಸುಗಳ ಮೆಟ್ಟಿಲಲ್ಲಿ ನಿಂತು ನಿಂತು ಸಾಕಾಗಿ, ಮಗಳು ಯಾರ ಮುಂದೆಯೂ ತಡವರಿಸಬಾರದೆಂದು ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅಲ್ಲಿ ಶುಕ್ರವಾರ ಮಧ್ಯಾಹ್ನ ಲೆಟರ್ ರೈಟಿಂಗ್ ಕ್ಲಾಸು. ಉದ್ದ ಬೆರಳಿನ ಒಬ್ಬರು ಸಿಸ್ಟರ್ ಕೆಂಪು ಪೆನ್ಸಿಲ್ ಹಿಡಿದು ಬೆಂಚುಗಳ ನಡುವೆ ಓಡಾಡುತ್ತಿದ್ದರು. ಮಾರ್ಜಿನ್ ಒಂದಿಂಚು, ಸಂಬೋಧನೆಯ ನಂತರ ಕಾಮಾ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ: ಗೊತ್ತಿರುವ ಸಂಗತಿಯನ್ನು ಬಿಟ್ಟು ಬರೆದ ಪತ್ರ ಅರ್ಧ ಸುಳ್ಳು. ನನ್ನ ಪತ್ರಗಳನ್ನು ಅವರು ಕ್ಲಾಸಿನಲ್ಲಿ ಓದಿಸುತ್ತಿದ್ದರು. ಆ ಹೊಗಳಿಕೆಯ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿತ್ತು ಎಂದರೆ ಯಾರು ನಂಬುತ್ತಾರೆ? ಮೊಣಕಾಲು ಸವೆದಿತ್ತು, ಹಲ್ಲು ಉದುರಿತ್ತು. ಆ ರುಚಿ ಹೋಗಿರಲಿಲ್ಲ.

ಎರಡು ಪುಟ ಬರೆದೆ. ಮೊದಲ ದಿನ ಕೊಟ್ಟ ಕಾಗದದ ಪಟ್ಟಿಯನ್ನು ಉಲ್ಲೇಖಿಸಿದೆ. ಪ್ಲಂಬರ್ ಹೇಳಿದ್ದನ್ನು ಬರೆದೆ. ಇನ್ನು ಯಾರಾದರೂ ಅಕ್ಕನ ಕಡೆ ಬೊಟ್ಟು ಮಾಡಬಾರದಲ್ಲ, ಅದಕ್ಕಾಗಿ ಒಂದು ವಾಕ್ಯ ಸೇರಿಸಿದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಅಶಕ್ತತೆಯ ಕಾರಣ ವೆಸ್ಟರ್ನ್ ಕಮೋಡ್ ಹಾಕಿಸಿಕೊಳ್ಳಬೇಕಾಗಿ ಬಂದ ಮೇಲಿನ ಮನೆಯ ಮಹಿಳೆಯದು ಇದರಲ್ಲಿ ಯಾವ ರೀತಿಯಲ್ಲೂ ತಪ್ಪಿಲ್ಲ.’ ಬಹಳ ಚೆನ್ನಾಗಿ ಕೂತ ವಾಕ್ಯ. ಎರಡು ಸಲ ಓದಿಕೊಂಡು ಖುಷಿಪಟ್ಟೆ. ತಪಾಲು ಸೆಕ್ಷನ್ನಿನಲ್ಲಿ ಕೊಟ್ಟು, ನಕಲಿಗೆ ಸೀಲ್ ಹಾಕಿಸಿಕೊಂಡು ಬಂದೆ.

ಸಂಜೆ ತಮ್ಮನಿಗೆ ಫೋನ್ ಮಾಡಿ ನಕಲನ್ನು ಓದಿ ಹೇಳಿದೆ. ಅವನು ಇಲ್ಲೇ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್. ಮನೆಯ ಕರಾವಳಿ ಕನ್ನಡವನ್ನು ಬಿಡದೆ ಉಳಿಸಿಕೊಂಡವನು.

“ಮಾರಾಯ್ತಿ, ಆ ಕಮೋಡ್ ವಿಷಯ ಎಂತಕ್ಕೆ ಹಾಕಿದ್ದು?” ಎಂದ.

“ಅವರದ್ದು ತಪ್ಪಿಲ್ಲ ಅಂತ ಹೇಳ್ಬೇಡ್ವಾ?”

“ತಪ್ಪಿಲ್ಲ ಅಂತ ಹೇಳ್ಲಿಕ್ಕೆ ಕಮೋಡ್ ಉಂಟು ಅಂತ ಯಾಕೆ ಹೇಳುದು? ನಮ್ಮ ಹೋಟೆಲಿಗೆ ಇನ್ಸ್‌ಪೆಕ್ಟರ್ ಬಂದ್ರೆ ನಾವು ಅವರನ್ನು ಸೀದಾ ಹಿತ್ತಿಲಿಗೆ ಕರ್ಕೊಂಡು ಹೋಗ್ತೇವಾ?”

“ಇದ್ದದ್ದನ್ನು ಇದ್ದ ಹಾಗೆ ಬರೀಬೇಕು.”

“ಅಕ್ಕಾ, ನೀನು ಹೋದದ್ದು ಕಂಪ್ಲೇಂಟ್ ಕೊಡ್ಲಿಕ್ಕೆ. ಕನ್ಫೆಷನ್‌ಗೆ ಅಲ್ಲ. ಅದೂ ಬೇರೆಯವರ ಕನ್ಫೆಷನ್!”

ನಾನು ಫೋನ್ ಇಟ್ಟೆ. ಓದಿಲ್ಲದವನ ಮಾತು ಎಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮೂರನೇ ವಾರ ಮೇಲಿನಿಂದ ಕೂಗು ಬಂತು. “ಇಂಗ್ಲಿಷ್‌ಕಾರೀ, ನನಗೆ ಲವ್ ಲೆಟರ್ ಬಂದಿದೆ. ಬಂದು ಓದಿಕೊಡು!”

ಹತ್ತಿ ಹೋದೆ. ಅಕ್ಕ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಲಕೋಟೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ನಾನು ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತ ತಮಿಳಿಗೆ ತಿರುಗಿಸತೊಡಗಿದೆ. ಕೆಳಗಿನ ಫ್ಲಾಟಿನ ಬಾಡಿಗೆದಾರರು ಲಿಖಿತವಾಗಿ ವರದಿ ಮಾಡಿರುವಂತೆ, ತಾವು ಅನುಮತಿಯಿಲ್ಲದೆ ವೆಸ್ಟರ್ನ್ ಕಮೋಡ್ ಅಳವಡಿಸಿ, ತನ್ಮೂಲಕ ಕೆಳಗಿನ ಮನೆಗೆ ಹಾನಿಯುಂಟುಮಾಡಿದ್ದೀರಿ. ಹದಿನೈದು ದಿನದೊಳಗೆ ಮನೆಯನ್ನು ಮೊದಲಿದ್ದ ಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ಅಲಾಟ್‌ಮೆಂಟ್ ರದ್ದು.

ಓದಿ ಮುಗಿಸಿದೆ. ಓದದೆ ಬಿಡಬಹುದಿತ್ತು, ಒಂದೆರಡು ಸಾಲು ನುಂಗಬಹುದಿತ್ತು. ನುಂಗಲಿಲ್ಲ.

“ಕೆಳಗಿನ ಫ್ಲಾಟು ಅಂದ್ರೆ ಯಾರು?” ಅಕ್ಕ ಕೇಳಿದರು.

“ನಾನೇ ಅಕ್ಕ.”

“ಏನಂತ ಬರೆದೆ?”

“ನಿಮ್ಮದು ಏನೂ ತಪ್ಪಿಲ್ಲ ಅಂತ.”

ಅಕ್ಕ ಕಾಗದವನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡರು. “ತಪ್ಪಿಲ್ಲ ಅಂತ ಬರೆದದ್ದಕ್ಕೆ ಮನೆ ಬಿಡು ಅಂತಿದ್ದಾರೆ. ತಪ್ಪಿದೆ ಅಂತ ಬರೆದಿದ್ದರೆ ಇಡೀ ಬ್ಲಾಕನ್ನೇ ನನ್ನ ಹೆಸರಿಗೆ ಮಾಡುತ್ತಿದ್ದರೋ ಏನೋ.” ಆಮೇಲೆ ತಟ್ಟೆಯನ್ನು ಮತ್ತೆ ಎಳೆದುಕೊಂಡು, ಅನ್ನ ಕಲಸುತ್ತ, ತಲೆಯೆತ್ತದೆ ಅಂದರು: “ಇಷ್ಟು ವರ್ಷ ಕಾಗದ ಹೊಲಿದವಳು ನಾನು. ಕಾಗದಕ್ಕೆ ಏನು ಕೊಡಬಾರದು ಅಂತ ಹೊಲಿಯುವವಳಿಗೆ ಗೊತ್ತು ಕಣೇ. ಬರೆಯುವವಳಿಗೆ ಗೊತ್ತಿಲ್ಲ.”

ಅಕ್ಕನಿಗೆ ಆ ಮನೆ ಬಿಟ್ಟರೆ ಸ್ವಂತದ್ದು ಎಂದು ಬೇರೇನೂ ಇರಲಿಲ್ಲ. ಮದುವೆಯಾಗಿರಲಿಲ್ಲ. ಸ್ವಂತ ಅಡುಗೆ, ಸ್ವಂತ ಬೀಗದ ಕೈ, ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿ ತರಕಾರಿಯವಳ ಜೊತೆ ಜಗಳ. ಅದು ಅವರ ಬದುಕು. ಅದನ್ನು ನನ್ನ ಒಂದು ವಾಕ್ಯ ಹದಿನೈದು ದಿನಕ್ಕೆ ಇಳಿಸಿತ್ತು.

ಮರುದಿನ ನಾನು ಆಫೀಸಿಗೆ ಹೋದೆ. ಅದೇ ಇಂಜಿನಿಯರ್. ಎದ್ದು ಕುರ್ಚಿ ಕೊಟ್ಟರು.

“ನಿಮ್ಮ ಲೆಟರ್ ಬಹಳ ಕ್ಲಿಯರ್ ಆಗಿತ್ತು ಮೇಡಂ. ಹೀಗೆ ಯಾರೂ ಬರೆಯೋದಿಲ್ಲ. ಅದಕ್ಕೇ ಬೇಗ ಆಕ್ಷನ್ ತಗೊಂಡೆವು.”

“ಆಕ್ಷನ್! ಆ ವಾಕ್ಯ ಪೂರ್ತಿ ಓದಿದ್ದೀರಾ? ಅವರದ್ದು ತಪ್ಪಿಲ್ಲ ಅಂತ ಬರೆದಿದ್ದೇನೆ.”

ಅವರು ಫೈಲ್ ತೆರೆದು ಬೆರಳಿಟ್ಟು ಓದಿದರು. “ಕಮೋಡ್ ಹಾಕಿದ್ದಾರೆ ಅನ್ನೋದು ಫ್ಯಾಕ್ಟ್ ಮೇಡಂ. ತಪ್ಪಿಲ್ಲ ಅನ್ನೋದು ನಿಮ್ಮ ಒಪಿನಿಯನ್.”

“ಪೈಪ್ ಕೊಳೆತಿದೆ ಅಂತ ಪ್ಲಂಬರ್ ಹೇಳಿದ್ದು ಫ್ಯಾಕ್ಟ್ ಅಲ್ವಾ?”

“ಅವರು ಪ್ರೈವೇಟ್ ಪ್ಲಂಬರ್ ಅಲ್ವಾ ಮೇಡಂ?”

“ಹಾಗಾದ್ರೆ ನಿಮ್ಮ ಪ್ಲಂಬರನ್ನು ಕಳಿಸಿ.”

“ಅನ್‌ಆಥರೈಸ್ಡ್ ವರ್ಕ್ ತೆಗೆಯೋ ತನಕ ನಾವು ಕೈ ಹಾಕೋ ಹಾಗಿಲ್ಲ.”

“ಅವರು ಮೂರು ಅರ್ಜಿ ಕೊಟ್ಟಿದ್ದರು. ಆಸ್ಪತ್ರೆ ಚೀಟಿ ಇಟ್ಟು. ಆಗ ಎಲ್ಲಿದ್ದಿರಿ?”

“ನಾನು ಆಗ ಈ ಸೀಟಿನಲ್ಲಿ ಇರಲಿಲ್ಲ ಮೇಡಂ.” ನಿಜವಾಗಿಯೂ ನೊಂದ ದನಿಯಲ್ಲಿ ಹೇಳಿದರು.

“ಸರಿ. ನನ್ನ ಲೆಟರ್ ವಾಪಸ್ ಕೊಡಿ. ನಾನು ಕಂಪ್ಲೇಂಟೇ ಮಾಡಿಲ್ಲ. ನನ್ನ ಸೀಲಿಂಗ್ ಬೀಳಲಿ, ನನ್ನ ತಲೆ ಮೇಲೆ ಬೀಳಲಿ.”

“ನಂಬರ್ ಬಿದ್ದ ಮೇಲೆ ಅದು ನಿಮ್ಮದಲ್ಲ ಮೇಡಂ, ಆಫೀಸಿನದು.”

ಕೇಳಿದಿರಾ? ಸ್ಲ್ಯಾಬಿನೊಳಗೆ ಅವರೇ ಹೂತ ಪೈಪು ಅವರದ್ದಲ್ಲವಂತೆ. ನನ್ನ ಊಟದ ಮೇಜಿನ ಮೇಲೆ, ನನ್ನ ಪೆನ್ನಿನಿಂದ, ನಾನು ಬರೆದ ಕಾಗದ ಅವರದ್ದಂತೆ. ಇದನ್ನು ನಾನು ಅಲ್ಲೇ ಹೇಳಿದೆ, ಎದ್ದು ನಿಂತು, ಸ್ವಲ್ಪ ಗಟ್ಟಿಯಾಗಿಯೇ. ಪಕ್ಕದ ಮೇಜಿನ ಹೆಂಗಸು ಟೈಪ್ ಮಾಡುವುದನ್ನು ನಿಲ್ಲಿಸಿ ನನಗೆ ನೀರು ತಂದುಕೊಟ್ಟಳು. ಇಂಜಿನಿಯರ್ ಮೆಲ್ಲಗೆ, “ಮೇಡಂ, ಒಂದು ಮಾತು ಹೇಳಲಾ? ನೀವು ಅದನ್ನು ಬರೆಯದೇ ಇದ್ದಿದ್ದರೆ ನಾವು ನೋಡುತ್ತಲೇ ಇರಲಿಲ್ಲ” ಎಂದರು. ಅದು ಅಪಹಾಸ್ಯವಲ್ಲ, ಸಾಂತ್ವನ. ಅದಕ್ಕೇ ಇನ್ನೂ ಉರಿಯುತ್ತದೆ.

ಬ್ಲಾಕಿಗೆ ಸುದ್ದಿ ಹಬ್ಬಿತು. ಎಲ್ಲರ ಬಾಲ್ಕನಿಯಲ್ಲಿ ಬೆಡ್‌ಶೀಟ್‌ಗಳು ಇಳಿಬಿದ್ದವು. ಎದುರು ಮನೆಯ ಸೊಸೆ ಮೆಟ್ಟಿಲಲ್ಲಿ ಎದುರಾದಾಗ ಬಲು ನಯವಾಗಿ, “ಆಂಟಿ, ನಮ್ಮ ಗ್ರಿಲ್ ವಿಷಯ ಯಾವಾಗ ಬರೆಯೋದು? ಹೇಳಿದರೆ ಸ್ವಲ್ಪ ಪೇಂಟ್ ಹೊಡೆಸಿಡ್ತೇವೆ” ಎಂದಳು. ಇಷ್ಟು ದಿನ ನನ್ನಿಂದ ಪಿಂಚಣಿ ಅರ್ಜಿ, ಸ್ಕೂಲಿನ ಅರ್ಜಿ ಬರೆಸಿಕೊಂಡವರು ಈಗ ನಾನು ಕನ್ನಡಕ ಹಾಕಿಕೊಂಡರೂ ಬೆದರುತ್ತಿದ್ದರು.

ಅಕ್ಕ ಸುಮ್ಮನೆ ಕೂರಲಿಲ್ಲ. “ಕಮೋಡ್ ತಾನೇ ಬೇಡ ಅವರಿಗೆ? ತೆಗೆದರಾಯಿತು. ಮನೆ ಇರಲಿ” ಎಂದರು. ಪ್ಲಂಬರ್ ಬಂದು ಕಮೋಡ್ ಕಿತ್ತು ಹಳೆಯ ತರಹದ್ದನ್ನೇ ಕೂರಿಸಿಕೊಟ್ಟರು. ಕೀಳುವಾಗ ಅವರೂ ಗೊಣಗುತ್ತಲೇ ಇದ್ದರು. ನಾನು ಪುರಸೈವಾಕ್ಕಂಗೆ ಹೋಗಿ, ಅಂಗಡಿ ಅಂಗಡಿ ತಿರುಗಿ, ನಡುವೆ ತೂತಿರುವ ಮಡಿಸುವ ಕುರ್ಚಿಯೊಂದನ್ನು ಹುಡುಕಿ ತಂದೆ. ಟಾಯ್ಲೆಟ್ಟಿನ ಮೇಲಿಟ್ಟು ಕೂರುವಂಥದ್ದು. ನಾಲ್ಕು ದಿನ ಅದು ನಡೆಯಿತು. ನಾನು ಬೆಳಿಗ್ಗೆ ಹೋಗಿ ಕುರ್ಚಿ ಹಿಡಿದು ನಿಲ್ಲುತ್ತಿದ್ದೆ, ಗೋಡೆಯ ಕಡೆ ಮುಖ ಮಾಡಿ. “ನೀನು ಇಂಗ್ಲಿಷ್ ಹಾಡು ಹೇಳು, ನನಗೆ ನಾಚಿಕೆ” ಎನ್ನುತ್ತಿದ್ದರು. ನಾನು ಸ್ಕೂಲಿನ ಪ್ರೇಯರ್ ಹೇಳುತ್ತಿದ್ದೆ. ನಾವಿಬ್ಬರು ಮುದುಕಿಯರು ಆ ಇಕ್ಕಟ್ಟಿನಲ್ಲಿ ನಕ್ಕದ್ದೂ ಉಂಟು.

ಐದನೇ ದಿನ ನಾನು ಹತ್ತಿ ಬರುವಷ್ಟರಲ್ಲಿ ಅವರೊಬ್ಬರೇ ಹೋಗಿದ್ದರು. ಕುರ್ಚಿಯ ಒಂದು ಕಾಲು ಜಾರಿತ್ತು. ಗೋಡೆಯ ಸ್ಟೀಲ್ ರಾಡನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಕೂತು ಅರ್ಧ ನಿಂತು, ನನಗಾಗಿ ಕಾಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ. ಕೂಗಿರಲಿಲ್ಲ. ನಾನು ಸೊಂಟ ಹಿಡಿದು ಎಬ್ಬಿಸಿದೆ.

ಹದಿನೈದನೇ ದಿನ ಆಫೀಸಿನಿಂದ ಒಬ್ಬರು ನೋಡಲು ಬಂದರು. ಕಮೋಡ್ ಹೋಗಿದೆ ಎಂದು ಬರೆದುಕೊಂಡರು. ಆಮೇಲೆ ನೆಲ ನೋಡಿದರು. “ಟೈಲ್ಸ್ ಇದೆಯಲ್ಲ. ಮೊದಲಿದ್ದ ಸ್ಥಿತಿ ಅಂದರೆ ಸಿಮೆಂಟ್ ನೆಲ. ಆ ರಾಡ್ ಕೂಡ ತೆಗೀಬೇಕು.”

ಅಕ್ಕ ವಾಕರ್ ಹಿಡಿದು ನಿಂತಿದ್ದರು. “ಮೊದಲಿದ್ದ ಸ್ಥಿತೀನಾ? ನನ್ನ ಸೊಂಟವನ್ನೂ ಮೊದಲಿದ್ದ ಸ್ಥಿತಿಗೆ ತಂದುಕೊಡಿ ಸಾರ್. ರಾಡ್ ನಾನೇ ಕಿತ್ತುಕೊಡ್ತೇನೆ” ಎಂದರು. ಬಂದವರು ಬರೆದುಕೊಂಡು ಹೋದರು. ಅವರು ಏನು ಬರೆದುಕೊಂಡರೆಂದು ನಾನು ಇವತ್ತಿಗೂ ಯೋಚಿಸುತ್ತೇನೆ. ‘ಬಾಡಿಗೆದಾರರು ಸಹಕರಿಸಲಿಲ್ಲ’ ಎಂದಿರಬೇಕು.

ಮುಂದಿನ ಭಾನುವಾರ ತಂಗಿಯ ಮಗಳು ಬಂದು ಅಕ್ಕನನ್ನು ಶೋಳಿಂಗನಲ್ಲೂರಿಗೆ ಕರೆದುಕೊಂಡು ಹೋದಳು. ಒಳ್ಳೆಯ ಹುಡುಗಿ, ಬೇಕಾದ್ದೇ ಮಾಡಿದಳು. ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಗಂಡಸರು ಎರಡು ಮಹಡಿ ಇಳಿಸಿದರು. ನನ್ನ ಬಾಗಿಲ ಮುಂದೆ ಬಂದಾಗ, “ನಿಲ್ಲಿಸಿ, ನಿಲ್ಲಿಸಿ” ಎಂದರು. ಬುಟ್ಟಿಯನ್ನೂ ಹಗ್ಗವನ್ನೂ ನನ್ನ ಕೈಗೆ ಕೊಟ್ಟು, “ತರಕಾರಿಯವಳು ಕರಿಬೇವು ಮರೀತಾಳೆ. ಬಿಡಬೇಡ” ಎಂದರು. ಅಷ್ಟೇ.

ಆ ಮೇಲಿನ ಬಚ್ಚಲಿಗೆ ನೀರು ಬೀಳುವುದು ನಿಂತ ಮೇಲೆ ನನ್ನ ಸೀಲಿಂಗ್ ತಾನಾಗಿ ಒಣಗಿತು. ಆಫೀಸಿನವರು ಬಂದು, ಒಣಗಿದ್ದನ್ನು ನೋಡಿ, ಗಾರೆ ಬಳಿದು, ಕೆಲಸ ತೃಪ್ತಿಕರವಾಗಿದೆ ಎಂದು ನನ್ನಿಂದ ಸಹಿ ಕೇಳಿದರು. ನಾನು ಹಾಕಲಿಲ್ಲ. ಅವರಿಗೆ ಅದರಿಂದ ಏನೂ ಆಗಲಿಲ್ಲ.

ಮೂರ್ನಾಲ್ಕು ತಿಂಗಳಲ್ಲಿ ಅಕ್ಕನ ಅಲಾಟ್‌ಮೆಂಟ್ ರದ್ದು ಮಾಡಿ ಮೇಲಿನ ಮನೆಯನ್ನು ಹೊಸಬರಿಗೆ ಕೊಟ್ಟರು. ಕೊಡುವ ಮೊದಲು ರಿಪೇರಿ. ಎರಡು ವಾರ ಸುತ್ತಿಗೆಯ ಸದ್ದು. ನಾನು ಹತ್ತಿ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಬಚ್ಚಲಿನ ಮೂಲೆಯಲ್ಲಿ ಸ್ಲ್ಯಾಬನ್ನು ಒಡೆದು ಕಬ್ಬಿಣದ ಪೈಪನ್ನು ಹೊರಗೆ ತೆಗೆದಿದ್ದರು. ಜಾಯಿಂಟಿನ ಹತ್ತಿರ ಅದು ಬಿಸ್ಕತ್ತಿನ ಹಾಗೆ ಪುಡಿಯಾಗಿತ್ತು. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಹೊಚ್ಚ ಹೊಸ ವೆಸ್ಟರ್ನ್ ಕಮೋಡ್. ಇಲಾಖೆಯೇ ತಂದದ್ದು. “ಈಗ ರಿಪೇರಿ ಮಾಡೋ ಎಲ್ಲಾ ಮನೆಗೂ ಇದೇ ಅಮ್ಮಾ” ಎಂದ ಮೇಸ್ತ್ರಿ. ಪಾಪ, ಅವನೇಕೆ ನನ್ನ ಬೈಗುಳ ತಿನ್ನಬೇಕಿತ್ತು? ತಿಂದ.

ಅದಾದ ಮರುವಾರ ನಾನು ಎರಡು ಬಸ್ ಬದಲಾಯಿಸಿ ಶೋಳಿಂಗನಲ್ಲೂರಿಗೆ ಹೋದೆ. ಕಂಪನಿ ಕ್ಯಾಬುಗಳು, ಎತ್ತರದ ಗೇಟು, ರಿಜಿಸ್ಟರಿನಲ್ಲಿ ಸಹಿ, ಲಿಫ್ಟಿನಲ್ಲಿ ಒಂಬತ್ತನೇ ಮಹಡಿ. ತಂಗಿಯ ಮಗಳು ಆಫೀಸಿಗೆ ಹೋಗಿದ್ದಳು, ಕೆಲಸದವಳು ಬಾಗಿಲು ತೆಗೆದಳು. ಅಕ್ಕ ಹೂವಿನ ಚಿತ್ರದ ನೈಟಿ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಸೀರೆ ಬಿಟ್ಟು ಬೇರೆ ಉಡುಪಿನಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು. ಸೋಫಾದ ತುದಿಯಲ್ಲಿ ಎಂದರೆ, ಬೇರೆಯವರ ಮನೆಯಲ್ಲಿ ಕೂರುವ ಹಾಗೆ.

“ಇಲ್ಲಿ ಎರಡು ಸಿಂಹಾಸನ ಇದೆ. ಅತಿಥಿಗಳಿಗೆ ಬೇರೆ” ಎಂದು ನಗಿಸಲು ನೋಡಿದರು. ಕೆಲಸದವಳು ಕಾಫಿ ತಂದಳು. ಅಕ್ಕ ಅವಳು ಒಳಗೆ ಹೋಗುವ ತನಕ ಕಾದು, ನನ್ನ ಕಡೆ ಬಾಗಿದರು.

“ನನ್ನ ಮನೆ ಹೇಗಿದೆ?”

“ಬೀಗ ಹಾಕಿದೆ ಅಕ್ಕ.”

“ಯಾರಿಗೂ ಕೊಟ್ಟಿಲ್ಲವಾ?”

“ಇಲ್ಲ.”

“ಹಾಗಾದರೆ ಹಬ್ಬ ಕಳೆದ ಮೇಲೆ ಒಂದು ಸಲ ಹೋಗಿ ಕೇಳು. ಆ ಹುಡುಗ ಒಳ್ಳೆಯವನು ಅಂದಿಯಲ್ಲ, ಚಪ್ಪಲಿ ಬಿಟ್ಟು ಬಂದವನು, ಅವನನ್ನು ಕೇಳು. ನೆಲದ ಟೈಲ್ಸನ್ನೂ ತೆಗೆಸಿಬಿಡೋಣ, ರಾಡನ್ನೂ ತೆಗೆಸೋಣ. ಹೇಗೋ ಮಾಡಿಕೊಳ್ತೇನೆ.” ಸ್ವಲ್ಪ ತಡೆದು, “ಬಾಯಲ್ಲಿ ಕೇಳು” ಎಂದರು.

ಕೇಳುತ್ತೇನೆ ಎಂದೆ.

ಹೊರಡುವಾಗ ಅವರು ವಾಕರ್ ಹಿಡಿದು ಹೊಸ್ತಿಲ ತನಕ ಬಂದರು. ಅದರಾಚೆ ಒಬ್ಬರೇ ಹೋಗಬಾರದೆಂದು ಆ ಮನೆಯಲ್ಲಿ ಕಟ್ಟಳೆ. ನಾನು ಕಾರಿಡಾರಿನ ಕೊನೆಗೆ ಹೋಗಿ ಲಿಫ್ಟಿನೊಳಗೆ ನಿಂತು ತಿರುಗಿದೆ. ಅಕ್ಕ ಅಲ್ಲೇ ನಿಂತಿದ್ದರು, ಒಂದು ಕೈ ವಾಕರ್ ಮೇಲೆ, ಇನ್ನೊಂದರಿಂದ ನೈಟಿಯ ಕೊರಳನ್ನು ಮುಚ್ಚಿ ಹಿಡಿದು. ಏನೋ ಹೇಳುತ್ತಿದ್ದರು. ಲಿಫ್ಟಿನ ಬಾಗಿಲು ಎರಡು ಕಡೆಯಿಂದ ಬಂದು ಕೂಡಿಕೊಳ್ಳತೊಡಗಿತು. ಅವರ ಬಾಯಿ ಇನ್ನೂ ಆಡುತ್ತಿತ್ತು. ಏನೆಂದರೋ ನನಗೆ ಕೇಳಿಸಲಿಲ್ಲ.